ಎಕ್ಕ ಕಿತ್ತು ಬಟರ್‌ಫ್ಲೈ ಗಾರ್ಡನ್ ಮಾಡಿದವರಿಗೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ ಹಿಂದೆ ಒಂದು ತುಂಡು ಜಾಗ ಇತ್ತು. ಹೆಚ್ಚೆಂದರೆ ಎರಡು ಕಾರು ನಿಲ್ಲಿಸಬಹುದು. ವಾಸನೆಗೆ ಹೆದರಿ ಯಾರೂ ಆ ಕಡೆ ಹೋಗ್ತಿರಲಿಲ್ಲ, ಹಾಗಾಗಿ ಅಲ್ಲಿ ಎಕ್ಕ, ತುಂಬೆ, ಒಂದಿಷ್ಟು ಗರಿಕೆ ತಮ್ಮ ಪಾಡಿಗೆ ಬೆಳೆದಿದ್ದವು. ಕಳೆದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ನನ್ನ ಮಗಳು ಆ ಎಕ್ಕದ ಗಿಡದಲ್ಲಿ ಹನ್ನೊಂದು ಹುಳ ಎಣಿಸಿದ್ದಳು. ಮೈತುಂಬ ಕಪ್ಪು, ಬಿಳಿ, ಹಳದಿ ಪಟ್ಟೆ. ಪ್ಲೇನ್ ಟೈಗರ್ ಅನ್ನೋ ಚಿಟ್ಟೆಯ ಮರಿಗಳು. ದಿನಾ ಸ್ಕೂಲಿಂದ ಬಂದು ಬ್ಯಾಗ್ ಎಸೆದು ಅಲ್ಲಿಗೇ ಓಡೋಳು.

ಒಂದು ಶನಿವಾರ ಹೋಗಿ ನೋಡಿದರೆ ನೆಲ ಬೋಳು.

ತಿಂಗಳೊಳಗೆ ಅಲ್ಲಿ ಲಾನ್ ಬಂತು. ಸುತ್ತ ಹಳದಿ ಡುರಾಂಟಾ, ನಾಲ್ಕು ಮೂಲೆಗೆ ಫಾಕ್ಸ್‌ಟೇಲ್ ಪಾಮ್, ಮಧ್ಯದಲ್ಲೊಂದು ಬೋರ್ಡು: ‘ಬಟರ್‌ಫ್ಲೈ ಗಾರ್ಡನ್’. ಬೋರ್ಡಿನ ಮೇಲೆ ಚಿಟ್ಟೆಯ ಸ್ಟಿಕರ್ ಇದೆ. ಅಲ್ಲಿ ನಾನು ನೋಡಿರೋ ಕಾಯಂ ಚಿಟ್ಟೆ ಅದೊಂದೇ.

ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ಉತ್ತರ ಬಂತು: “ಸರ್, ಅದು ಬರೀ ಕಳೆ. ಮೇಲಿಂದ ಹುಳ ಬೇರೆ ಆಗಿತ್ತು.”

ಹುಳ ಬೇಡ, ಚಿಟ್ಟೆ ಬೇಕು. ಇದು ಹೇಗೆ ಸಾಧ್ಯ ಗುರೂ? ಕೋಡ್ ಬರೆಯೋ ಜನ ನಾವು. ಯಾವುದೋ ಹಳೇ ಫೈಲು, ಯಾರೂ ಬಳಸ್ತಿಲ್ಲ ಅಂತ ಡಿಲೀಟ್ ಮಾಡಿದ್ರೆ ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದು ಫೋನ್ ಬರುತ್ತೆ ಅನ್ನೋದು ನಮಗೆ ಗೊತ್ತು. ಗಿಡದ ವಿಷಯಕ್ಕೆ ಬಂದಾಗ ಮಾತ್ರ ಡಿಪೆಂಡೆನ್ಸಿ ಅನ್ನೋ ಪದಾನೇ ಮರೆತುಹೋಗುತ್ತೆ.

ವಿಷಯ ಸರಳ. ಚಿಟ್ಟೆ ಮಕರಂದ ಕುಡಿಯೋದಕ್ಕೆ ಎಷ್ಟೋ ಜಾತಿಯ ಹೂವಿಗೆ ಹೋಗುತ್ತೆ. ಆದರೆ ಮೊಟ್ಟೆ ಇಡೋದು ಎಲ್ಲೆಂದರಲ್ಲಿ ಅಲ್ಲ. ಅದರ ಮರಿ ಒಂದೋ ಎರಡೋ ಬಗೆಯ ಗಿಡದ ಎಲೆ ಮಾತ್ರ ತಿನ್ನುತ್ತೆ. ಪ್ಲೇನ್ ಟೈಗರಿಗೆ ಎಕ್ಕ ಮತ್ತು ಅದರ ನೆಂಟರು. ಕಾಮನ್ ಮಾರ್ಮನ್ ಚಿಟ್ಟೆಗೆ ಕರಿಬೇವು, ನಿಂಬೆ. ಲೈಮ್ ಬಟರ್‌ಫ್ಲೈಗೆ ನಿಂಬೆ, ಬಿಲ್ವ. ಹಳದಿ ಮಿಶ್ರಿತ ಬಿಳಿ ಬಣ್ಣದ ಎಮಿಗ್ರೆಂಟ್ ಚಿಟ್ಟೆಗಳಿಗೆ ಕಕ್ಕೆ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿಯ ಜಾತಿ ಬಿಟ್ಟರೆ ಬೇರೆ ಊಟವಿಲ್ಲ. ಹೆಣ್ಣು ಚಿಟ್ಟೆ ಎಲೆ ಮೇಲೆ ಕೂತು ಕಾಲಲ್ಲೇ ರುಚಿ ನೋಡಿ, ಇದೇ ಗಿಡ ಅಂತ ಖಾತ್ರಿ ಮಾಡ್ಕೊಂಡು ಮೊಟ್ಟೆ ಇಡುತ್ತೆ. ಡುರಾಂಟಾ ಹೂವು ಅದಕ್ಕೆ ಜ್ಯೂಸ್ ಅಂಗಡಿ ಇದ್ದಂಗೆ. ಜ್ಯೂಸ್ ಅಂಗಡಿಯಲ್ಲಿ ಹೆರಿಗೆ, ಬಾಣಂತನ ಆಗಲ್ಲ ಸ್ವಾಮಿ. ನಾವು ಊರೆಲ್ಲ ಜ್ಯೂಸ್ ಅಂಗಡಿ ತೆರೆದು ಇದ್ದ ಹೆರಿಗೆ ಆಸ್ಪತ್ರೆ ಕೆಡವುತ್ತಿದ್ದೀವಿ.

ಹಕ್ಕಿ ಕಥೆಯೂ ಅಷ್ಟೇ. ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನ ಅಂತ ನಮ್ಮಲ್ಲಿ ಮರದ ಗೂಡು ನೇತುಹಾಕಿ ಸೆಲ್ಫಿ ತಗೋತಾರೆ. ಗುಬ್ಬಚ್ಚಿ ಕಾಳು ತಿನ್ನೋದು ನಿಜ. ಆದರೆ ಮರಿಗೆ ಮೊದಮೊದಲು ಉಣಿಸೋದು ಹುಳು. ಹೂವಿನ ಮಕರಂದ ಹೀರೋ ಸೂರಕ್ಕಿ ಕೂಡ ತನ್ನ ಮರಿಗೆ ಹುಳು, ಜೇಡ ತಂದು ಕೊಡುತ್ತೆ. ಗೂಡು ಕೊಟ್ಟು, ಅದೇ ತಿಂಗಳು ಗಿಡಗಳಿಗೆಲ್ಲ ವಿಷ ಹೊಡೆಸಿದರೆ ಆ ಗೂಡು ಯಾರಿಗೆ?

ಇಲ್ಲಿಗೆ ಒಂದು ಆಕ್ಷೇಪ ಬರುತ್ತೆ: ‘ಹಾಗಾದ್ರೆ ವಿದೇಶಿ ಗಿಡ ಎಲ್ಲಾ ಕೆಟ್ಟದ್ದಾ?’ ಅಲ್ಲ. ನಾನು ಗಿಡಗಳ ಪಾಸ್‌ಪೋರ್ಟ್ ಚೆಕ್ ಮಾಡ್ತಿಲ್ಲ. ಸಾರಿಗೆ ಹಾಕೋ ಟೊಮ್ಯಾಟೊ, ಒಗ್ಗರಣೆಯ ಮೆಣಸಿನಕಾಯಿ, ನಮ್ಮೂರ ಬೇಲಿಯ ಕತ್ತಾಳೆ ಎಲ್ಲ ಅಮೆರಿಕ ಖಂಡದಿಂದ ಬಂದವು. ನಾವು ಗಸಗಸೆ ಮರ ಅನ್ನೋ ಸಿಂಗಪುರ ಚೆರ್ರಿ ಕೂಡ ಅಲ್ಲಿಂದಲೇ ಬಂದಿದ್ದು, ಅದರ ಹಣ್ಣಿಗೆ ಹಕ್ಕಿ, ಬಾವಲಿ ಮುಗಿಬೀಳ್ತವೆ. ಬೆಂಗಳೂರಿನ ಸಾಲು ಹೂಮರಗಳ ಹಿಂದೆ ಲಾಲ್‌ಬಾಗಿನ ಜರ್ಮನ್ ಅಧಿಕಾರಿ ಕ್ರುಂಬಿಗಲ್ ಅವರ ಯೋಚನೆ ಇದೆ. ಒಂದಾದ ಮೇಲೊಂದು ಮರ ಹೂ ಬಿಡಬೇಕು ಅಂತ. ಚೆನ್ನಾಗಿದೆ, ಟಬೆಬುಯಾ ಫೋಟೋ ನಾನೂ ಹಾಕಿದ್ದೀನಿ. ಅದೇ ಹಳದಿ ನಮ್ಮ ಕಕ್ಕೆಯಲ್ಲೂ ಇದೆ, ಜೊತೆಗೆ ಅದರ ಎಲೆ ಮೇಲೆ ಇಲ್ಲಿನ ಚಿಟ್ಟೆ ಸಂಸಾರ ಮಾಡುತ್ತೆ ಅಂತಷ್ಟೇ ಹೇಳ್ತಿರೋದು.

ಇನ್ನು ‘ಅಂದಕ್ಕೆ ತಾನೇ, ಏನಾಗುತ್ತೆ’ ಅನ್ನೋರು ಒಮ್ಮೆ ಬಂಡೀಪುರಕ್ಕೋ ಬಿಳಿಗಿರಿರಂಗನ ಬೆಟ್ಟಕ್ಕೋ ಹೋಗಿ ರಸ್ತೆ ಪಕ್ಕ ನೋಡಿ. ಆಳೆತ್ತರ ಹಬ್ಬಿರೋ ಲಂಟಾನ. ಅದನ್ನ ಬ್ರಿಟಿಷರು ತಂದದ್ದೂ ತೋಟದ ಅಂದಕ್ಕೇನೇ. ಈಗ ಆನೆ, ಜಿಂಕೆ ತಿನ್ನೋ ಹುಲ್ಲಿನ ಜಾಗ ಅದು ನುಂಗಿದೆ. ನಮ್ಮ ಕೆರೆಗಳನ್ನು ಮುಚ್ಚೋ ವಾಟರ್ ಹಯಸಿಂತ್ ಕೂಡ ಚಂದದ ನೇರಳೆ ಹೂವಿಗೆ ಮರುಳಾಗಿ ತಂದ ಗಿಡ.

ಸೊಳ್ಳೆ, ಹಾವಿನ ಭಯ ಅಂತೀರಾ? ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ನಿಂತ ನೀರಲ್ಲಿ, ತುಂಬೆ ಗಿಡದ ಮೇಲಲ್ಲ. ನಮ್ಮ ಬಾಲ್ಕನಿಯ ಕುಂಡದ ಕೆಳಗಿನ ತಟ್ಟೆ ನೋಡಿ ಮೊದಲು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಅದು ನಿಜ. ಅದಕ್ಕೇ ಅದು ಮಕ್ಕಳ ಆಟದ ಜಾಗದಲ್ಲಿ ಬೇಡ, ಹಿಂದಿನ ಮೂಲೆಯಲ್ಲಿರಲಿ ಅಂದಿದ್ದು. ಹಿಂದಿನ ಮೂಲೆಯಲ್ಲೇ ಇತ್ತು.

ಊರಿನವನು ಅಂತ ನನಗೇನೂ ಹೆಚ್ಚುಗಾರಿಕೆ ಇಲ್ಲ. ನಮ್ಮ ಹೊಲದ ಬೇಲಿಯಲ್ಲಿ ತಂಗಡಿ, ಲಕ್ಕಿ, ಎಕ್ಕ, ಹೊಂಗೆ ಇದ್ದವು. ನಾನೇ ಮೊದಲ ಬೋನಸ್ ದುಡ್ಡಲ್ಲಿ ಅದನ್ನೆಲ್ಲ ಜೆಸಿಬಿಯಲ್ಲಿ ಕೀಳಿಸಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದವನು. ಅಪ್ಪ ಆ ದಿನ ಏನೂ ಅನ್ನಲಿಲ್ಲ. ಮುಂದಿನ ರಥಸಪ್ತಮಿಗೆ ಮಾತ್ರ ಫೋನ್ ಮಾಡಿ, “ಸ್ನಾನಕ್ಕೆ ಏಳು ಎಕ್ಕದ ಎಲೆ ಹುಡುಕೋಕೆ ಪಕ್ಕದೂರಿಗೆ ಹೋಗಿ ಬಂದೆ ಕಣಪ್ಪ” ಅಂದರು. ಈಗ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಅಷ್ಟೇ. ಗಣೇಶನಿಗೆ ಗರಿಕೆಯನ್ನು ದುಡ್ಡು ಕೊಟ್ಟು ತರಿಸ್ತೀವಿ, ಲಾನಿನಲ್ಲಿ ಅದೇ ಗರಿಕೆ ಎದ್ದರೆ ಮಾಲಿಯನ್ನು ಬೈತೀವಿ.

ಮುಂದಿನ ತಿಂಗಳು ನಮ್ಮ ಅಸೋಸಿಯೇಷನ್ ಮೀಟಿಂಗ್ ಇದೆ. ಲಾನ್ ತೆಗೀರಿ ಅಂತ ಕೇಳಲ್ಲ, ಸೋಲ್ತೀನಿ. ಮೂರೇ ಮೂರು ಬೇಡಿಕೆ. ಒಂದು, ಆ ಎಸ್‌ಟಿಪಿ ಮೂಲೆ ಮತ್ತೆ ಎಕ್ಕ, ತುಂಬೆಗೆ ಬಿಟ್ಟುಕೊಡಿ. ಎರಡು, ಒಣಗಿದ ಪಾಮ್ ಬದಲಿಸುವಾಗ ಹೊಂಗೆಯನ್ನೋ ಕಕ್ಕೆಯನ್ನೋ ನೆಡಿ. ಮೂರು, ಕರಿಬೇವಿನ ಎಲೆ ತೂತಾದ ಮಾತ್ರಕ್ಕೆ ವಿಷ ಹೊಡೀಬೇಡಿ. ಖರ್ಚು ಜಾಸ್ತಿ ಆಗಲ್ಲ, ಮೇಂಟೆನೆನ್ಸ್ ಕಡಿಮೆಯಾಗುತ್ತೆ. ಈ ಮಾತು ಮೀಟಿಂಗಲ್ಲಿ ಕೆಲಸ ಮಾಡುತ್ತೆ, ಬರೆದಿಟ್ಕೊಳ್ಳಿ.

ನಿಮ್ಮಲ್ಲೂ ಮೀಟಿಂಗ್ ಇರುತ್ತೆ. ಯಾವಾಗಲೂ ಮ್ಯೂಟ್‌ನಲ್ಲಿ ಕೂರೋರು ಈ ಸಲ ಒಂದು ಸಲ ಕೈ ಎತ್ತಿ. ಅಲ್ಲೀವರೆಗೆ ಬಾಲ್ಕನಿಯಲ್ಲಿ ಒಂದು ಕರಿಬೇವು ಇಡಿ. ಎಲೆ ಮೇಲೆ ಹಕ್ಕಿ ಹಿಕ್ಕೆ ತರಹ ಏನಾದ್ರೂ ಕಂಡರೆ ಒರೆಸಬೇಡಿ. ಅದು ಮಾರ್ಮನ್ ಮರಿ ಇರಬಹುದು. ನಮ್ಮ ಮನೇಲಿ ಸದ್ಯ ಎರಡಿದೆ. ಸಾರಿಗೆ ಕರಿಬೇವು ಅಂಗಡಿಯಿಂದ ತರ್ತಿದ್ದೀವಿ.