ಸಿದ್ದಿ ಮಕ್ಕಳ ಓಟಕ್ಕೆ ‘ಆಫ್ರಿಕಾದ ರಕ್ತ’ವೇ ಕಾರಣವೇ?

ಮಾನ್ಯ ಸಂಪಾದಕರೇ,

ನಮ್ಮ ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗ ಹುಡುಗಿಯರು ಕ್ರೀಡಾಕೂಟಗಳಲ್ಲಿ ಪದಕ ಗೆಲ್ಲುತ್ತಿರುವ ಬಗ್ಗೆ ಕಳೆದ ವಾರ ನಿಮ್ಮ ಕ್ರೀಡಾ ವಿಭಾಗದಲ್ಲಿ ಅರ್ಧ ಪುಟದ ಲೇಖನ ಬಂದಿತ್ತು. ಹಳಿಯಾಳ, ಯಲ್ಲಾಪುರದ ಕಡೆಯ ಸುದ್ದಿಗೆ ರಾಜ್ಯ ಆವೃತ್ತಿಯಲ್ಲಿ ಅಷ್ಟು ಜಾಗ ಸಿಗುವುದೇ ಅಪರೂಪ. ಖುಷಿಯಿಂದಲೇ ಓದಲು ಕೂತೆ. ಮೊದಲ ಪ್ಯಾರಾದಲ್ಲೇ ‘ಆಫ್ರಿಕಾದ ರಕ್ತ’ ಬಂತು, ಮುಂದಿನದರಲ್ಲಿ ‘ಹುಟ್ಟಿನಿಂದಲೇ ಬಂದ ಕಸುವು’, ಕೊನೆಗೆ ನಮ್ಮ ಕಾಡಿನಲ್ಲೂ ಒಬ್ಬ ಉಸೇನ್ ಬೋಲ್ಟ್ ಅಡಗಿರಬಹುದೆಂಬ ಆಸೆ. ಆ ಮಕ್ಕಳು ಎಲ್ಲಿ ಅಭ್ಯಾಸ ಮಾಡುತ್ತಾರೆ, ಯಾರು ಕಲಿಸುತ್ತಾರೆ, ಸ್ಪೈಕ್ಸ್ ಯಾರು ಕೊಡಿಸಿದರು, ಹೋದ ವರ್ಷದ ಟೈಮಿಂಗ್ ಎಷ್ಟಿತ್ತು, ಈಗೆಷ್ಟು, ಇದ್ಯಾವುದರ ಬಗ್ಗೆಯೂ ಒಂದು ಸಾಲಿಲ್ಲ. ಅದೇ ಪುಟದ ಪಕ್ಕದ ಕಾಲಂನಲ್ಲಿ ಬೆಂಗಳೂರಿನ ಈಜುಗಾರ್ತಿಯೊಬ್ಬಳ ಸುದ್ದಿಯಿತ್ತು. ಅದರಲ್ಲಿ ಕೋಚ್ ಹೆಸರು, ಬೆಳಗಿನ ಅಭ್ಯಾಸದ ವೇಳಾಪಟ್ಟಿ, ಊಟದ ಪಥ್ಯ ಎಲ್ಲವೂ ಇದ್ದವು. ಅವಳದು ಸಾಧನೆ, ಇವರದು ರಕ್ತ.

ಲೇಖಕರ ಮನಸ್ಸಿನಲ್ಲಿ ಕೆಟ್ಟದ್ದಿತ್ತು ಎಂದು ನಾನು ಹೇಳುತ್ತಿಲ್ಲ. ಹೊಗಳಬೇಕೆಂದೇ ಬರೆದಿದ್ದಾರೆ. ನನ್ನ ತಕರಾರು ಇರುವುದು ಆ ಹೊಗಳಿಕೆಯ ಮೇಲೇ. ಇದು ನಮ್ಮಲ್ಲಿ ಮಾತ್ರ ಇರುವ ಚಾಳಿಯೂ ಅಲ್ಲ. 2020ರಲ್ಲಿ ಡೆನ್ಮಾರ್ಕ್‌ನ ಸಂಶೋಧನಾ ಸಂಸ್ಥೆಯೊಂದು ಯುರೋಪಿನ ನಾಲ್ಕು ದೊಡ್ಡ ಫುಟ್‌ಬಾಲ್ ಲೀಗ್‌ಗಳ 80 ಪಂದ್ಯಗಳ ಇಂಗ್ಲಿಷ್ ವೀಕ್ಷಕ ವಿವರಣೆಯನ್ನು ಕೂತು ಲೆಕ್ಕ ಹಾಕಿತು. ಬುದ್ಧಿವಂತಿಕೆಯ ಬಗ್ಗೆ ಬಂದ ಮೆಚ್ಚುಗೆಯ ಮಾತುಗಳಲ್ಲಿ ಶೇ 60ಕ್ಕೂ ಹೆಚ್ಚು ತಿಳಿಬಣ್ಣದ ಆಟಗಾರರ ಪಾಲಾಗಿದ್ದವು. ಮೈಬಲದ ಮಾತು ಬಂದಾಗ ಕಪ್ಪು ಬಣ್ಣದ ಆಟಗಾರರ ಹೆಸರು ಬರುವ ಸಾಧ್ಯತೆ ಆರು ಪಟ್ಟಿಗೂ ಮಿಗಿಲಾಗಿತ್ತು. ಮೈಕ್ ಹಿಡಿದವರು ಯಾರನ್ನೂ ಬೈದಿರಲಿಲ್ಲ, ಎಲ್ಲರನ್ನೂ ಹೊಗಳುತ್ತಲೇ ಇದ್ದರು.

ಕನ್ನಡದ ಕ್ರೀಡಾ ಪುಟಗಳಲ್ಲಿ ‘ಕೆರಿಬಿಯನ್ ದೈತ್ಯರು’ ಎನ್ನದೆ ವೆಸ್ಟ್ ಇಂಡೀಸ್ ವರದಿ ಮುಗಿಯುವುದು ಕಡಿಮೆ. ಮಾಲ್ಕಂ ಮಾರ್ಷಲ್‌ರನ್ನು ನೆನೆಯಿರಿ. ಎತ್ತರ ಪೂರ್ತಿ ಆರಡಿಯೂ ಇರಲಿಲ್ಲ. 1984ರಲ್ಲಿ ಹೆಡಿಂಗ್ಲೆ ಟೆಸ್ಟಿನಲ್ಲಿ ಎಡಗೈ ಹೆಬ್ಬೆರಳು ಮುರಿದು, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು, ಚೆಂಡನ್ನು ಸ್ವಿಂಗ್ ಮಾಡಿ 53 ರನ್ನಿಗೆ 7 ವಿಕೆಟ್ ಕಿತ್ತರು. ಟೆಸ್ಟ್ ಕ್ರಿಕೆಟ್‌ನಲ್ಲಿ ಅವರ 376 ವಿಕೆಟ್‌ಗಳ ಸರಾಸರಿ 20.94. ಯಾವ ಬ್ಯಾಟ್ಸ್‌ಮನ್ ಎಲ್ಲಿ ತಡವರಿಸುತ್ತಾನೆ ಎಂದು ಲೆಕ್ಕ ಹಾಕಿ ಬೌಲ್ ಮಾಡಿದ ತಲೆ ಅದು. ಆ ತಂಡದ ವೇಗದ ದಾಳಿಯೂ ತಾನಾಗಿ ಹುಟ್ಟಿದ್ದಲ್ಲ. 1975-76ರಲ್ಲಿ ಆಸ್ಟ್ರೇಲಿಯಾದಲ್ಲಿ ಲಿಲ್ಲಿ, ಥಾಮ್ಸನ್ ಕೈಯಲ್ಲಿ 5-1ರಿಂದ ನೆಲ ಕಚ್ಚಿದ ಮೇಲೆ ನಾಯಕ ಕ್ಲೈವ್ ಲಾಯ್ಡ್ ಯೋಚಿಸಿ ಕಟ್ಟಿದ್ದು. ಲಿಲ್ಲಿ, ಥಾಮ್ಸನ್ ಅಷ್ಟು ಬಿರುಸಾಗಿ ಎಸೆದಾಗ ಅದು ಬಿಳಿಯರ ರಕ್ತದ ಗುಣ ಎಂದು ಯಾರೂ ಬರೆಯಲಿಲ್ಲ. ರಕ್ತದ ಮಾತೇ ಬೇಕೆಂದರೆ, 1962ರಲ್ಲಿ ಬಾರ್ಬಡೋಸ್‌ನಲ್ಲಿ ತಲೆಗೆ ಚೆಂಡು ಬಡಿದು ಸಾವು ಬದುಕಿನ ನಡುವೆ ಇದ್ದ ನಮ್ಮ ನಾಯಕ ನಾರಿ ಕಂಟ್ರಾಕ್ಟರ್ ಅವರಿಗೆ ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ಇದ್ದರು. ಅದರಿಂದ ಕಂಟ್ರಾಕ್ಟರ್ ವೇಗದ ಬೌಲರ್ ಏನೂ ಆಗಲಿಲ್ಲ!

ಇದೆಲ್ಲ ಪತ್ರಿಕೆಯ ಪುಟದಲ್ಲೇ ಉಳಿದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಇದೇ ನಂಬಿಕೆಯ ಮೇಲೆ ಸರ್ಕಾರ ಒಂದು ಯೋಜನೆಯನ್ನೇ ನಡೆಸಿತ್ತು ಎಂಬುದು ನಿಮ್ಮ ಕಿರಿಯ ವರದಿಗಾರರಿಗೆ ತಿಳಿದಿರಲಿಕ್ಕಿಲ್ಲ. ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದ ಕಾಲ. ಬುಡಕಟ್ಟು ಮತ್ತು ಹಿಂದುಳಿದ ಪ್ರದೇಶಗಳಿಂದ ಪ್ರತಿಭೆ ಹುಡುಕುವುದಕ್ಕೆ ಭಾರತೀಯ ಕ್ರೀಡಾ ಪ್ರಾಧಿಕಾರ ರೂಪಿಸಿದ್ದ ವಿಶೇಷ ಯೋಜನೆಯಡಿ 1987ರಲ್ಲಿ ಸಿದ್ದಿ ಮಕ್ಕಳನ್ನೂ ಆರಿಸಿದರು. ಆಫ್ರಿಕಾದ ಮೂಲ ಇದೆ, ಅಂದ ಮೇಲೆ ಓಡಿಯೇ ಓಡುತ್ತಾರೆ, ಒಲಿಂಪಿಕ್ಸ್‌ನಲ್ಲಿ ಪದಕ ಬಂದೇ ಬರುತ್ತದೆ ಎಂಬುದು ಎಣಿಕೆ. ಮಕ್ಕಳು ಊರು ಬಿಟ್ಟು ಹಾಸ್ಟೆಲ್ ಸೇರಿದರು, ಮೊದಲ ಸಲ ನಿಜವಾದ ಟ್ರ್ಯಾಕ್ ನೋಡಿದರು, ಒಳ್ಳೆಯ ತರಬೇತುದಾರರ ಕೈಗೆ ಬಿದ್ದರು. ಕಮಲಾ ಸಿದ್ದಿ ಅವರಂಥವರು ಹರ್ಡಲ್ಸ್‌ನಲ್ಲಿ ರಾಷ್ಟ್ರಮಟ್ಟಕ್ಕೆ ಏರಿದ್ದು ಹೀಗೆ. ಆದರೆ 1993ರಲ್ಲಿ ಸಿದ್ದಿಗಳ ಪಾಲಿಗೆ ಯೋಜನೆ ನಿಂತುಹೋಯಿತು.

ನಾಲ್ಕು ದಶಕ ಮಕ್ಕಳನ್ನು ಓಡಿಸಿದವನಾಗಿ ಇದರ ಲೆಕ್ಕ ಹೇಳುತ್ತೇನೆ. ಹನ್ನೊಂದು, ಹನ್ನೆರಡರ ಮಗುವನ್ನು ಕರೆತಂದರೆ ಆರು ವರ್ಷಕ್ಕೆ ಅದು ಹದಿನೇಳು, ಹದಿನೆಂಟಕ್ಕೆ ಬಂದಿರುತ್ತದೆ. ಓಟಗಾರರ ಮೈ ಮಾಗುವುದು ಇಪ್ಪತ್ತು ದಾಟಿದ ಮೇಲೆ. ಹೆಜ್ಜೆ ಬೀಳಬೇಕಾದ ಹೊತ್ತಿಗೇ ಟ್ರ್ಯಾಕ್ ಸುತ್ತಿ ಎತ್ತಿಟ್ಟಂತಾಯಿತು. ಕೆಲವರು ಕ್ರೀಡಾ ಕೋಟಾದಲ್ಲಿ ಕೆಲಸ ಹಿಡಿದು ಬದುಕು ಕಟ್ಟಿಕೊಂಡರು, ಉಳಿದವರು ಹೊಲಕ್ಕೆ, ಕೂಲಿಗೆ ಮರಳಿದರು. ಯೋಜನೆ ನಿಂತದ್ದಕ್ಕೆ ಕಾರಣ ಏನೇ ಹೇಳಲಿ, ನನ್ನ ತೀರ್ಮಾನ ಇಷ್ಟೇ: ರಕ್ತವೇ ಓಡಿಸುತ್ತದೆ ಎಂದು ನಂಬಿದವರಿಗೆ ಹತ್ತು ಹನ್ನೆರಡು ವರ್ಷ ಕಾಯುವ ತಾಳ್ಮೆ ಬರುವುದಿಲ್ಲ. ಪದಕ ಬೇಗ ಬರದಿದ್ದರೆ ಅವರಿಗೆ ರಕ್ತದ ಮೇಲೇ ಅನುಮಾನ ಹುಟ್ಟುತ್ತದೆ, ಹಾಸ್ಟೆಲ್ ಅಡುಗೆಮನೆಯ ಮೇಲೆ, ತರಬೇತುದಾರರ ವರ್ಗಾವಣೆಯ ಮೇಲೆ ಹುಟ್ಟುವುದಿಲ್ಲ.

ಇನ್ನು ಆ ‘ಆಫ್ರಿಕಾ’ ಯಾವುದು? ಕೀನ್ಯಾದ ದೂರದ ಓಟಗಾರರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಎತ್ತರದ ಊರುಗಳ ಕಲೆಂಜಿನ್ ಜನ. ಅವರು 100 ಮೀಟರ್ ಗೆಲ್ಲುವುದಿಲ್ಲ. ಜಮೈಕಾದವರ ಹಿರಿಯರು ಬಹುಪಾಲು ಪಶ್ಚಿಮ ಆಫ್ರಿಕಾದಿಂದ ಬಂದವರು. ಅವರು ಮ್ಯಾರಥಾನ್ ಗೆಲ್ಲುವುದಿಲ್ಲ. ಸಿದ್ದಿಗಳ ಪೂರ್ವಿಕರಲ್ಲಿ ಬಹಳಷ್ಟು ಮಂದಿಯನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದದ್ದು. ಮೂರು ಬೇರೆ ಬೇರೆ ಜನರನ್ನು ಬಣ್ಣ ಒಂದೇ ಎಂಬ ಕಾರಣಕ್ಕೆ ಒಟ್ಟಿಗೆ ಕಟ್ಟುವುದು ವಿಜ್ಞಾನವಲ್ಲ. ಬೋಲ್ಟ್ ಅವರ ಜಮೈಕಾದ ಗುಟ್ಟು ಬೇಕಿದ್ದರೆ ಅಲ್ಲಿನ ಶಾಲೆಗಳನ್ನು ನೋಡಬೇಕು. ‘ಚಾಂಪ್ಸ್’ ಎಂಬ ಅಂತರಶಾಲಾ ಕ್ರೀಡಾಕೂಟ ಅಲ್ಲಿ 1910ರಿಂದ ನಡೆಯುತ್ತಿದೆ, ಹೈಸ್ಕೂಲು ಹುಡುಗರ ಓಟ ನೋಡಲು ರಾಷ್ಟ್ರೀಯ ಕ್ರೀಡಾಂಗಣ ತುಂಬುತ್ತದೆ. ನಮ್ಮ ತಾಲ್ಲೂಕು ಕ್ರೀಡಾಕೂಟಕ್ಕೆ ಸುಣ್ಣದ ಗೆರೆ ಎಳೆಯುವುದಕ್ಕೂ ಮೇಷ್ಟ್ರುಗಳೇ ಚಂದಾ ಎತ್ತಬೇಕು.

ಸಿದ್ದಿಗಳು ಕನ್ನಡ, ಕೊಂಕಣಿ, ಮರಾಠಿ ಆಡುವ ನಮ್ಮ ಜಿಲ್ಲೆಯ ಜನ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಹೀಗಿದ್ದೂ ಬೆಂಗಳೂರಿನ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳನ್ನು ‘ಯಾವ ದೇಶ’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ, ಕನ್ನಡದಲ್ಲಿ ಉತ್ತರ ಬಂದರೆ ಕೇಳಿದವರೇ ಗಲಿಬಿಲಿಯಾಗುತ್ತಾರೆ. ಪತ್ರಿಕೆಯೇ ಅವರನ್ನು ದೂರದ ಖಂಡದ ಮಾದರಿಗಳಂತೆ ತೋರಿಸಿದರೆ ಬಸ್ಸಿನವರನ್ನು ಅಂದು ಪ್ರಯೋಜನವಿಲ್ಲ. ಹೊಗಳಿಕೆಗೂ ಬೈಗುಳಕ್ಕೂ ನಡುವೆ ದೂರ ಬಹಳವಿಲ್ಲ. 2007ರಲ್ಲಿ ನಮ್ಮದೇ ಮೈದಾನಗಳಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಆಂಡ್ರ್ಯೂ ಸೈಮಂಡ್ಸ್ ಕಡೆ ಮಂಗನ ಸದ್ದು ಕೇಳಿಬಂತು. 2020ರಲ್ಲಿ ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸಾಮಿ ಐಪಿಎಲ್ ದಿನಗಳ ಕಹಿ ಹೇಳಿಕೊಂಡರು. ಅದೇ ಹೊತ್ತಿಗೆ ನಮ್ಮ ರಾಜ್ಯಕ್ಕೆ ನೂರರಷ್ಟು ಪಂದ್ಯ ಆಡಿದ ಕ್ರಿಕೆಟಿಗ ದೊಡ್ಡ ಗಣೇಶ್ ಕೂಡ ತಾವು ಆಡುವ ಕಾಲದಲ್ಲಿ ಬಣ್ಣದ ಹೀಯಾಳಿಕೆ ಕೇಳಿದ್ದನ್ನು ಬಹಿರಂಗವಾಗಿ ಹೇಳಿದರು. ಕನ್ನಡಿಗನೊಬ್ಬನ ಆ ಮಾತಿನ ಬೆನ್ನು ಹತ್ತಿ ಹೋದ ವರದಿ ನನ್ನ ಕಣ್ಣಿಗಂತೂ ಬೀಳಲಿಲ್ಲ.

ಸಿದ್ದಿ ಮಕ್ಕಳ ಬಗ್ಗೆ ಇನ್ನೂ ಬರೆಯಿರಿ, ಬರೆಯಲೇಬೇಕು. ಒಲಿಂಪಿಕ್ಸ್ ಹತ್ತಿರ ಬಂದಾಗ ಮಾತ್ರವಲ್ಲ, ನಡುವಿನ ಮೂರು ವರ್ಷವೂ ವರದಿಗಾರರನ್ನು ಕಳುಹಿಸಿ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಯಾವ ಶಾಲೆಯ ದೈಹಿಕ ಶಿಕ್ಷಕರನ್ನಾದರೂ ಕೇಳಲಿ. ಯಾವ ಮಗು ಯಾವ ತಿಂಗಳು ಎಷ್ಟು ಸೆಕೆಂಡಿನಲ್ಲಿ ಓಡಿತು ಎಂದು ಬರೆದಿಟ್ಟ ನೋಟ್‌ಬುಕ್ ಅವರ ಬಳಿ ಇರುತ್ತದೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಯಲ್ಲಾಪುರ ತಾಲ್ಲೂಕು, ಉತ್ತರ ಕನ್ನಡ