ಹಿತ್ತಿಲಲ್ಲೊಂದು ಈಜುಕೊಳ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಈಜುಕೊಳದ ಮಾತೆತ್ತಲಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳಿಗೆ ಈಜು ಕಲಿಯಲು ಊರ ಕೆರೆಯೋ ಹೊಳೆಯೋ ಸಾಕಾಗಿತ್ತು. ಸೊಂಟಕ್ಕೆರಡು ಒಣ ತೆಂಗಿನಕಾಯಿ ಕಟ್ಟಿದರೆ ಪಾಠ ಆರಂಭವಾದಂತೆಯೆ. ಈಗ ಮುಂಬಯಿ, ಬೆಂಗಳೂರುಗಳಿಂದ ರಜೆಗೆ ಬರುವ ಮೊಮ್ಮಕ್ಕಳಿಗಾಗಿ ಹಿತ್ತಿಲಲ್ಲೇ ಕೊಳ ಕಟ್ಟಿಸುವ ಬಯಕೆ ಕೆಲವರಲ್ಲಿ ಮೊಳೆಯುತ್ತದೆ. ಒಡನೆಯೇ ಪ್ರಶ್ನೆ: ಗುತ್ತಿಗೆದಾರನಿಗೆ ಒಪ್ಪಿಸುವುದೋ, ದಿನಗೂಲಿಯ ಆಳುಗಳನ್ನಿರಿಸಿ ತಾವೇ ಮಾಡಿಸುವುದೋ?

ತಾವೇ ಮಾಡಿಸುವವರಿಗೆ ಧೈರ್ಯ ಕೊಡುವುದು ಬಾವಿ. ಮುರಕಲ್ಲಿನ ನೆಲದಲ್ಲಿ ಬಾವಿ ತೋಡಿಸಿದ ಮನೆತನಕ್ಕೆ ಕೊಳವೊಂದು ಯಾವ ಲೆಕ್ಕ ಎನಿಸುವುದು ಸಹಜ. ಆದರೆ ಎರಡರ ಸ್ವಭಾವವೇ ಬೇರೆ. ಕಲ್ಲಿನ ಸಂದಿಯಿಂದ ನೀರು ಒಸರುವುದು ಬಾವಿಯ ಭಾಗ್ಯ. ಕೊಳಕ್ಕೆ ಅದೇ ಗಂಡಾಂತರ.

ಮಳೆಗಾಲದಲ್ಲಿ ಈ ಸೀಮೆಯ ಎಷ್ಟೋ ಬಾವಿಗಳ ನೀರು ಕೈಗೆಟಕುವಷ್ಟು ಮೇಲೇರುತ್ತದೆ. ಆಗ ತೊಳೆಯಲೆಂದು ಕೊಳವನ್ನು ಬರಿದು ಮಾಡಿದರೆ, ಸುತ್ತಲಿನ ಅಂತರ್ಜಲವು ಅದನ್ನು ಖಾಲಿ ದೋಣಿಯಂತೆ ಎತ್ತತೊಡಗುತ್ತದೆ. 20 ಅಡಿ ಉದ್ದ, 10 ಅಡಿ ಅಗಲ, 5 ಅಡಿ ಆಳದ ಕೊಳವಾದರೆ, ನೀರು ನೆಲದ ಮಟ್ಟಕ್ಕೆ ಬಂದಾಗ ಕೆಳಗಿನಿಂದ ನೂಕುವ ಬಲ 28 ಟನ್ನಿಗೂ ಮಿಕ್ಕಿದ್ದು. ಆರ್ಕಿಮಿಡೀಸನ ನಿಯಮಕ್ಕೆ ಕುಂದಾಪುರದಲ್ಲೇನೂ ವಿನಾಯಿತಿಯಿಲ್ಲ. ತಳ ಬಿರಿಯಬಹುದು, ಕೊಳವೇ ಮೇಲೆದ್ದು ವಾಲಲೂಬಹುದು. ಅದಕ್ಕೇ ತಳದ ಕಾಂಕ್ರೀಟು ಭಾರವಾಗಿರಬೇಕು, ಅದರಡಿ ಜಲ್ಲಿಯ ಹಾಸು, ನೀರನ್ನು ಪಂಪಿನಿಂದ ತೆಗೆಯಲು ಒಂದು ಕೊಳವೆ ಇರಬೇಕು.

ಮಾರ್ಚಿಯಲ್ಲಿ ಬಂದು ಒಣ ಗುಂಡಿಯನ್ನು ನೋಡಿದ ಗುತ್ತಿಗೆದಾರನಿಗೆ ಆಷಾಢದ ನೀರು ಕಾಣದು. ಆ ಮಟ್ಟವನ್ನು ಹಗ್ಗವಿಳಿಸಿ ಅಳೆದು ಬರೆದಿಡುವುದು ಮನೆಯವರ ಕೆಲಸ, ಕಾಸೂ ಖರ್ಚಿಲ್ಲ. ಅಗೆತ, ಮಣ್ಣು ಸಾಗಣೆ, ಸುತ್ತಲಿನ ಕಲ್ಲುಹಾಸು, ಮಕ್ಕಳು ಜಾರಿ ಬೀಳದಂತೆ ಬೇಲಿ, ಇವನ್ನು ತಾವೇ ನಿಂತು ಮಾಡಿಸಿದರೆ ಹಣವೂ ಉಳಿದೀತು.

ಕಬ್ಬಿಣ ಕಟ್ಟುವುದು, ಕಾಂಕ್ರೀಟು, ಅದನ್ನು ತೂರಿ ಹೋಗುವ ಕೊಳವೆಗಳು ಮಾತ್ರ ಒಂದೇ ಕೈಯಲ್ಲಿರಬೇಕು. ಜಲ್ಲಿ ಸಾಲದೆ ಕಾಂಕ್ರೀಟು ಅರ್ಧಕ್ಕೆ ನಿಂತರೆ ಆ ಬೆಸುಗೆಯೇ ಸೋರುವ ಜಾಗ. ಬಿಡಿಬಿಡಿಯಾಗಿ ಮಾಡಿಸಿದಲ್ಲಿ ಮೇಸ್ತ್ರಿ ಪ್ಲಂಬರನನ್ನು ತೋರಿಸುತ್ತಾನೆ, ಪ್ಲಂಬರ್ ಮೇಸ್ತ್ರಿಯನ್ನು; ನಡುವೆ ಸೋರುವುದು ಯಜಮಾನನ ಹಣ. ಗುತ್ತಿಗೆದಾರನಿಗೆ ಕೊಡುವ ಹೆಚ್ಚಿನ ಹಣ ಈ ಹೊಣೆಯ ಬೆಲೆ. ಹೊಣೆಯನ್ನು ಕಾಗದದ ಮೇಲೆ ಬರೆಸಿಕೊಳ್ಳದಿದ್ದರೆ ಅದು ದಂಡ. ಟೈಲ್ಸು ಹಚ್ಚುವ ಮೊದಲು ಒಂದು ವಾರ ನೀರು ನಿಲ್ಲಿಸಿ ನೋಡಬೇಕು. ಪಕ್ಕದಲ್ಲೊಂದು ಬಕೆಟ್ಟು ನೀರಿಟ್ಟರೆ, ಬಿಸಿಲಿಗೆ ಆರಿದ್ದೆಷ್ಟು, ಸೋರಿದ್ದೆಷ್ಟು ಎಂಬುದು ತಿಳಿಯುತ್ತದೆ. ಕಡೆಯ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆದಿಡುವುದು ಲೇಸು.

ಇನ್ನು ತುಂಬಿಸುವ ಕಾಲ. ಮೊಮ್ಮಕ್ಕಳು ಬರುವುದು ಏಪ್ರಿಲಿನಲ್ಲಿ, ಬಾವಿಗಳು ತಳ ಕಾಣುವುದೂ ಆಗಲೇ. ಅಂಥ ಕೊಳಕ್ಕೆ 28 ಸಾವಿರ ಲೀಟರು ನೀರು ಬೇಕು. ಮಳೆ ನಿಂತ ಹೊಸತರಲ್ಲಿ, ಬಾವಿ ತುಂಬಿರುವಾಗಲೇ ತುಂಬಿಸಿ, ಮುಚ್ಚಿ, ಸೋಸುಯಂತ್ರ ನಡೆಸುತ್ತಿದ್ದರೆ ನೆರೆಮನೆಯ ಬಾವಿಯ ಮೇಲೆ ಕಣ್ಣು ಹಾಕುವ ಪ್ರಸಂಗ ಬಾರದು.