ಹಸು ನೋಡುವ ಕಣ್ಣಲ್ಲೇ ಶಾಲೆಯನ್ನೂ ನೋಡಿ

ಹೈನುಗಾರ ಅಕ್ಕಂದಿರೇ,

ಶಾಲಾ ದಾಖಲಾತಿಯ ದಿನಗಳು ಹತ್ತಿರ ಬರುತ್ತಿವೆ. ಲಸಿಕೆ ಹಾಕಲು ಕೊಟ್ಟಿಗೆಗೆ ಬಂದಾಗ ನೀವು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಮಗೂನ ನಮ್ಮೂರ ಶಾಲೆಗೆ ಸೇರಿಸೋದಾ, ಪಕ್ಕದೂರಿನ ದೊಡ್ಡ ಶಾಲೆಗಾ?" ಎರಡೂ ಸರ್ಕಾರಿ ಶಾಲೆಗಳೇ. ಗೋಡೆಯ ಬಣ್ಣ ನೋಡಿ, ನೆರೆಮನೆಯವರ ಮಾತು ಕೇಳಿ ತೀರ್ಮಾನಿಸಬೇಡಿ ಎಂಬುದೇ ನನ್ನ ಅಭಿಪ್ರಾಯ.

ಹಸು ಕೊಳ್ಳುವಾಗ ಎಷ್ಟನೇ ಸೂಲು ಎಂದು ಕೇಳುತ್ತೀರಿ. ಎರಡು ಹೊತ್ತೂ ಕರೆದು ನೋಡುತ್ತೀರಿ. ಶಾಲೆಗೂ ಅಷ್ಟೇ ಎಚ್ಚರ ಬೇಕು.

ಮೊದಲು ಶಿಕ್ಷಕರನ್ನು ಎಣಿಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು, 90 ಮಕ್ಕಳಿದ್ದರೆ ಮೂವರು ಶಿಕ್ಷಕರಿರಬೇಕು. ಅವರಲ್ಲಿ ಅತಿಥಿ ಶಿಕ್ಷಕರೆಷ್ಟು ಎಂದೂ ಕೇಳಿ.

ಎರಡನೆಯದು ಕಲಿಕೆ. 4ನೇ ತರಗತಿಯ ಮಗುವಿನಿಂದ ಒಂದು ಪುಟ ಓದಿಸಿ, ಒಂದು ಕಳೆಯುವ ಲೆಕ್ಕ ಮಾಡಿಸಿ. 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತಿದ್ದರೆ ಗಾಬರಿ ಬೇಡ, ಅದು ನಲಿ-ಕಲಿ ಪದ್ಧತಿ. ಐದೂ ತರಗತಿ ಒಂದೇ ಕೋಣೆಯಲ್ಲಿದ್ದರೆ ಮಾತ್ರ ಕಾರಣ ಕೇಳಿ.

ಮೂರನೆಯದು ಶೌಚಾಲಯ, ನೀರು, ಅಡುಗೆಮನೆ. ಕ್ಷೀರಭಾಗ್ಯದ 150 ಮಿ.ಲೀ. ಹಾಲು ಸರಿಯಾಗಿ ಸಿಗುತ್ತಿದೆಯೇ ನೋಡಿ. 2013ರ ಆಗಸ್ಟ್‌ನಿಂದ ಮಕ್ಕಳಿಗೆ ಕೊಡುತ್ತಿರುವ ಆ ಹಾಲಿನ ಪುಡಿ ನಿಮ್ಮಂಥವರು ಡೇರಿಗೆ ಹಾಕಿದ ಹಾಲಿನದೇ.

ಕೊನೆಗೆ ದೂರ. ಪಕ್ಕದೂರಿನ ಆಟೋ ಖರ್ಚು ಹಾಲಿನ ಬಟವಾಡೆಯಿಂದಲೇ ಹೋಗಬೇಕು. ಬೆಳಗಿನ ಕರಾವಿನ ಹೊತ್ತಿಗೇ ಮಗುವನ್ನೂ ಹೊರಡಿಸಬೇಕು. ಆದರೆ ನಿಮ್ಮೂರಲ್ಲಿ 5ನೇ ತರಗತಿವರೆಗೆ ಮಾತ್ರ ಇದ್ದರೆ ಮುಂದೆ ಬದಲಿಸಲೇಬೇಕು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಊರ ಶಾಲೆಯಲ್ಲಿ ಕೊರತೆ ಕಂಡರೆ ಸುಮ್ಮನೆ ಮಗುವನ್ನು ಬಿಡಿಸಿಕೊಳ್ಳಬೇಡಿ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆಯೂ ಇಳಿಯುತ್ತದೆ. ಆಟೋಗೆ ಕೊಡಲು ಕಾಸಿಲ್ಲದವಳ ಮಗು ಅಲ್ಲೇ ಉಳಿಯುತ್ತದೆ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಫ್ಯಾಟ್ ಕಡಿಮೆ ಬರೆದರೆ ಸಂಘದಲ್ಲಿ ಎದ್ದು ಕೇಳುವವರು ನೀವು. ಶಾಲೆಯ ಸಭೆಯಲ್ಲೂ ಹಾಗೇ ಕೇಳಿ, ಬಿಇಒ ಕಚೇರಿಗೆ ಅರ್ಜಿ ಕೊಡಿ. ಕೇಳಿ ಕೇಳಿಯೂ ಶಿಕ್ಷಕರು ಬರಲಿಲ್ಲವೆಂದರೆ ಬೇರೆ ಶಾಲೆಗೆ ಸೇರಿಸುವುದು ತಪ್ಪಲ್ಲ. ಮಗುವಿನ ವರ್ಷ ಮತ್ತೆ ಬರುವುದಿಲ್ಲ.

ಶಾಲೆ ನಡೆಯುವ ಒಂದು ದಿನ, ಬೆಳಗಿನ ಹಾಲು ಹಾಕಿದ ಮೇಲೆ, ಎರಡೂ ಶಾಲೆಗೆ ಹೋಗಿ ನೋಡಿ ಬನ್ನಿ. ಆಮೇಲೆ ತೀರ್ಮಾನಿಸಿ.

– ಪಶುವೈದ್ಯಾಧಿಕಾರಿ